ಮಾಡೆಲ್ ಯುದ್ಧವಿಮಾನದ ಟೈರಿಗೆ ಸರಿಯಾದ ಟ್ರೆಡ್: ಫೋಟೋ ಓದುವುದರಿಂದ ಗಾಲಿ ಕೂರಿಸುವವರೆಗೆ

ಸ್ಕೇಲ್ ಮಾಡೆಲ್ ಮಾಡುವವರು ಕಾಕ್‌ಪಿಟ್ ಒಳಗಿನ ಒಂದೊಂದು ಸ್ವಿಚ್ಚಿಗೂ ಬಣ್ಣ ಹಚ್ಚುತ್ತಾರೆ. ಟೈರಿನ ಸರದಿ ಬಂದಾಗ ಜೋಡಣೆಯ ಗೆರೆ ಉಜ್ಜಿ, ಒಂದು ಕೋಟ್ ಕಪ್ಪು ಹೊಡೆದು ಮುಂದೆ ಹೋಗುತ್ತಾರೆ. ಹಾಗೆ ಉಜ್ಜುವಾಗ ಕಿಟ್‌ನಲ್ಲಿದ್ದ ಟ್ರೆಡ್ (ಟೈರಿನ ಮೇಲ್ಮೈಯ ತೋಡು-ಉಬ್ಬುಗಳ ವಿನ್ಯಾಸ) ಕೂಡ ಅರ್ಧ ಹೋಗಿರುತ್ತದೆ. ನಿಂತಿರುವ ವಿಮಾನದಲ್ಲಿ ನೆಲಕ್ಕೆ ತಾಗುವುದು ಟೈರ್ ಒಂದೇ. ಅದು ಸುಳ್ಳು ಅನ್ನಿಸಿದರೆ ಮೇಲಿನ ಇಡೀ ವಿಮಾನ ಹಗುರ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ಇದು ಕಷ್ಟದ ಕೆಲಸ ಅಲ್ಲ. ಎರಡು ವಿಷಯ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು: ಯಾವ ಟ್ರೆಡ್ ಎಂದು ಫೋಟೋ ನೋಡಿ ತೀರ್ಮಾನಿಸುವುದು, ಮತ್ತು ಕೊರೆಯುವಾಗ ಕೈಯ ಅಂದಾಜು ಬಿಟ್ಟು ಆಧಾರ ಕಟ್ಟಿಕೊಳ್ಳುವುದು.

ಮೊದಲು ಫೋಟೋ, ಆಮೇಲೆ ಬ್ಲೇಡು

ವಿಮಾನದ ಹೆಸರು ನೋಡಿ ಟ್ರೆಡ್ ನಿರ್ಧರಿಸಲು ಆಗುವುದಿಲ್ಲ. ಟೈರ್ ಸವೆಯುವ ವಸ್ತು, ಆಗಾಗ ಬದಲಾಯಿಸುವ ವಸ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳಿಗೆ ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್, ಯು.ಎಸ್. ರಬ್ಬರ್ ಹೀಗೆ ಹಲವು ಕಂಪನಿಗಳು ಟೈರ್ ಮಾಡುತ್ತಿದ್ದವು. ಗೋದಾಮಿನಲ್ಲಿ ಸಿಕ್ಕಿದ್ದನ್ನು ಮೆಕ್ಯಾನಿಕ್ ಹಾಕುತ್ತಿದ್ದ. ಅದಕ್ಕೇ ಪಿ-51 ಮಸ್ಟಾಂಗ್ ಫೋಟೋಗಳಲ್ಲಿ ನುಣುಪು ಟೈರ್, ವಜ್ರಾಕೃತಿ ಟ್ರೆಡ್, ಸಣ್ಣ ಚೌಕ ಉಬ್ಬುಗಳ ಬಟನ್ ಟ್ರೆಡ್ ಎಲ್ಲವೂ ಕಾಣುತ್ತವೆ. ನೀವು ಮಾಡುತ್ತಿರುವುದು ಯಾವ ಸಂಖ್ಯೆಯ, ಯಾವ ಗುರುತಿನ ವಿಮಾನವೋ ಅದರದ್ದೇ ಫೋಟೋ ಹುಡುಕಿ. ಸಿಗದಿದ್ದರೆ ಅದೇ ಸ್ಕ್ವಾಡ್ರನ್ನಿನ, ಅದೇ ತಿಂಗಳುಗಳ ಫೋಟೋ ನೋಡಿ.

ಇಲ್ಲಿ ದೊಡ್ಡ ಬಲೆ ಎಂದರೆ ಮ್ಯೂಸಿಯಂ. ಇವತ್ತು ಹಾರುತ್ತಿರುವ ಹಳೆಯ ವಿಮಾನಗಳಿಗೆ ಈಗ ಸಿಗುವ ಹೊಸ ಟೈರ್ ಹಾಕಿರುತ್ತಾರೆ. ಸುತ್ತಲೂ ಆಳವಾದ ತೋಡುಗಳಿರುವ ಟೈರಿನ ಮಸ್ಟಾಂಗ್ ಬಣ್ಣದ ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಅದು 1944ರ ಟೈರ್ ಎಂದು ನಂಬಬೇಡಿ. ಕಪ್ಪು-ಬಿಳುಪಿನ ಮಸುಕು ಫೋಟೋಗೇ ಇಲ್ಲಿ ಬೆಲೆ ಜಾಸ್ತಿ.

ಎಷ್ಟೋ ಸಲ ಉತ್ತರ "ಟ್ರೆಡ್ಡೇ ಇಲ್ಲ" ಎಂದಾಗಿರುತ್ತದೆ. ಯುದ್ಧಕಾಲದ ಸ್ಪಿಟ್‌ಫೈರ್ ಫೋಟೋಗಳಲ್ಲಿ ಮುಖ್ಯ ಗಾಲಿಗಳು ಸಾಮಾನ್ಯವಾಗಿ ನುಣುಪು. ಜಪಾನಿನ ಝೀರೋ ಕೂಡ ಹಾಗೆಯೇ. ಇದರಲ್ಲಿ ಆಶ್ಚರ್ಯವಿಲ್ಲ. ಕಾರಿನ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಹಾಗಾಗಿ ಕಾರಿನ ಟೈರ್ ನೆಲ ಕಚ್ಚಬೇಕು. ವಿಮಾನವನ್ನು ಎಳೆಯುವುದು ಪ್ರೊಪೆಲ್ಲರ್ ಅಥವಾ ಜೆಟ್. ಗಾಲಿ ಸುಮ್ನೆ ಉರುಳುತ್ತದೆ, ಬ್ರೇಕ್ ಹಿಡಿದಾಗ ಮಾತ್ರ ಹಿಡಿತ ಬೇಕು. ಜೆಟ್ ಬಂದ ಮೇಲೆ ಇಳಿಯುವ ವೇಗ ಏರಿತು, ಒದ್ದೆ ರನ್‌ವೇ ದೊಡ್ಡ ಸಮಸ್ಯೆಯಾಯಿತು. 1960ರ ದಶಕದಲ್ಲಿ ನಾಸಾ ಪ್ರಯೋಗ ಮಾಡಿ ಒಂದು ಸರಳ ಸೂತ್ರ ಕೊಟ್ಟಿತು: ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಲೆಕ್ಕದ ಟೈರಿನ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ, ಟೈರ್ ನೀರಿನ ಮೇಲೆ ತೇಲಲು ಶುರುಮಾಡುವ ವೇಗ ನಾಟ್‌ಗಳಲ್ಲಿ (ಗಂಟೆಗೆ ನಾಟಿಕಲ್ ಮೈಲಿ) ಸಿಗುತ್ತದೆ. ಒತ್ತಡ 100 ಪಿಎಸ್‌ಐ ಇದ್ದರೆ ಸುಮಾರು 90 ನಾಟ್. ಆ ನೀರು ಹೊರಹೋಗಲು ದಾರಿ ಬೇಕು ಅಲ್ವಾ? ಅದಕ್ಕೇ ಇಂದಿನ ಫೈಟರ್ ಜೆಟ್‌ಗಳ ಟೈರಿನಲ್ಲಿ ಅಡ್ಡ ಕಚ್ಚುಗಳಿಲ್ಲ, ಸುತ್ತಲೂ ಓಡುವ ನೇರ ತೋಡುಗಳಿವೆ.

ಹಾಗಾಗಿ ಫೋಟೋದಲ್ಲಿ ನಾಲ್ಕು ಸಾಧ್ಯತೆಗಳಲ್ಲಿ ಒಂದನ್ನು ಹುಡುಕುತ್ತೀರಿ: ನುಣುಪು, ಸುತ್ತು ತೋಡು, ಅಡ್ಡ ಕಚ್ಚು ಅಥವಾ ಬಟನ್, ವಜ್ರಾಕೃತಿ. ಬಾಲದ ಗಾಲಿಯನ್ನು ಬೇರೆಯಾಗಿಯೇ ನೋಡಿ. ಲ್ಯಾಂಕಾಸ್ಟರ್, ಮಾಸ್ಕಿಟೋ ತರಹದ ಬ್ರಿಟಿಷ್ ವಿಮಾನಗಳ ಬಾಲದ ಟೈರಿನಲ್ಲಿ ಎರಡು ಅಂಚು ಎದ್ದು ನಡುವೆ ದೊಡ್ಡ ತಗ್ಗು ಇರುತ್ತದೆ. ಗಾಲಿ ಗಡಗಡ ಅಲುಗದಿರಲಿ ಎಂದು ಹಾಗೆ ಮಾಡಿದ್ದು. ಅದನ್ನು ಜೋಡಣೆಯ ಗೆರೆ ಎಂದುಕೊಂಡು ಪುಟ್ಟಿ ತುಂಬಿಬಿಡಬೇಡಿ.

ಟೈರಿನ ಅಗಲವೂ ಬದಲಾಗಿರಬಹುದು. ಜರ್ಮನಿಯ ಬಿಎಫ್ 109 ಯುದ್ಧವಿಮಾನದ ಇ ಮಾದರಿಯಲ್ಲಿ 650×150 ಮಿ.ಮೀ. (ವ್ಯಾಸ×ಅಗಲ) ಟೈರ್ ಇತ್ತು. ಜಿ ಸರಣಿಯಲ್ಲಿ 660×160 ಬಂತು. ಕೆ-4 ಹೊತ್ತಿಗೆ 660×190 ಆಯಿತು. ಅಗಲ ಹೆಚ್ಚಿದ ಟೈರ್ ರೆಕ್ಕೆಯೊಳಗೆ ಹಿಡಿಸದೆ ರೆಕ್ಕೆಯ ಮೇಲೆ ಉಬ್ಬು ಬಂತು, ಆಮೇಲೆ ಆ ಉಬ್ಬೂ ದೊಡ್ಡದಾಯಿತು. ಮಿಗ್-21ರಲ್ಲೂ ಇದೇ ಕಥೆ. ಅದರ ಎಫ್-13 ಮಾದರಿಯಲ್ಲಿ 660 ಮಿ.ಮೀ. ಇದ್ದ ಮುಖ್ಯ ಗಾಲಿ ಪಿಎಫ್ ಮಾದರಿಯಿಂದ 800 ಮಿ.ಮೀ. ಆಯಿತು, ಅದರ ಜೊತೆ ಮೈಮೇಲೆ ಉಬ್ಬೂ ಬಂತು. ಬೇರೆ ಕಿಟ್‌ನ ಗಾಲಿ ತಂದು ಹಾಕುವ ಮೊದಲು ರೆಕ್ಕೆಯನ್ನೂ ಮೈಯನ್ನೂ ಒಮ್ಮೆ ನೋಡಿ.

ಲೆಕ್ಕ

ನಿಜ ಅಳತೆಯನ್ನು ಸ್ಕೇಲ್‌ನ ಸಂಖ್ಯೆಯಿಂದ ಭಾಗಿಸಿ (1/72 ಆದರೆ 72ರಿಂದ). ಮಸ್ಟಾಂಗಿನ 27 ಇಂಚಿನ ಟೈರ್ ಅಂದರೆ 686 ಮಿ.ಮೀ. 1/72ರಲ್ಲಿ 9.5, 1/48ರಲ್ಲಿ 14.3, 1/32ರಲ್ಲಿ 21.4 ಮಿ.ಮೀ. ಮಿಗ್-21ರ 800×200 ಟೈರ್ 1/48ರಲ್ಲಿ 16.7 ಮಿ.ಮೀ. ವ್ಯಾಸ, 4.2 ಮಿ.ಮೀ. ಅಗಲ. ಕಿಟ್‌ನ ಗಾಲಿಯನ್ನು ಕ್ಯಾಲಿಪರ್‌ನಲ್ಲಿ ಅಳೆದು ಹೋಲಿಸಿ. ವ್ಯಾಸದಲ್ಲೇ ಅರ್ಧ ಮಿ.ಮೀ. ವ್ಯತ್ಯಾಸ ಇದ್ದರೆ ಅದನ್ನು ಸರಿಮಾಡದೆ ಟ್ರೆಡ್ ಕೊರೆದು ಪ್ರಯೋಜನವಿಲ್ಲ.

ಈಗ ತೋಡಿನ ಅಗಲ. ನಿಜ ಟೈರಿನಲ್ಲಿ 8 ಮಿ.ಮೀ. ಅಗಲದ ತೋಡು ಇದೆ ಎನ್ನಿ. 1/32ರಲ್ಲಿ ಅದು 0.25 ಮಿ.ಮೀ., 1/48ರಲ್ಲಿ 0.17, 1/72ರಲ್ಲಿ 0.11. ತೆಳು ರೇಜರ್ ಸಾ (ಸಣ್ಣ ಹಲ್ಲಿನ ಗರಗಸ) ಬ್ಲೇಡಿನ ದಪ್ಪ ಸುಮಾರು 0.1 ಮಿ.ಮೀ. ಅಂದರೆ 1/72ರಲ್ಲೂ ಸುತ್ತು ತೋಡು ಸಾಧ್ಯ. ಆದರೆ ಆ ಸ್ಕೇಲಿನಲ್ಲಿ ವಜ್ರಾಕೃತಿಯನ್ನು ಕೈಯಲ್ಲಿ ಕೊರೆಯಲು ಹೋಗಬೇಡಿ. ಅದಕ್ಕೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಗಾಲಿಯನ್ನು ದುಂಡಗೆ ತರುವುದು

ಎರಡು ಹೋಳಿನ ಗಾಲಿಯಾದರೆ ತೆಳು ಅಂಟು ಹಾಕಿ, ಗಟ್ಟಿಯಾಗಿ ಒತ್ತಿ, ಸೇರುವ ಜಾಗದಲ್ಲಿ ಪ್ಲಾಸ್ಟಿಕ್ ಕರಗಿ ಸಣ್ಣಗೆ ಹೊರಬರುವ ಹಾಗೆ ಮಾಡಿ. ಒಂದೆರಡು ದಿನ ಬಿಡಿ. ಅಂಟು ಒಳಗೆ ಮೆತ್ತಗಿರುವಾಗ ಉಜ್ಜಿದರೆ ಆಮೇಲೆ ನಡುವೆ ತಗ್ಗು ಬೀಳುತ್ತದೆ.

ಗಾಲಿಯ ನಡುವಿನ ಆಕ್ಸಲ್ ತೂತಿಗೆ ಬಿಗಿಯಾಗಿ ಕೂರುವ ಕಡ್ಡಿ ತೂರಿಸಿ ಹ್ಯಾಂಡ್ ಡ್ರಿಲ್ಲಿಗೋ ನಿಧಾನ ವೇಗದ ಮೋಟರ್ ಟೂಲ್‌ಗೋ ಸಿಕ್ಕಿಸಿ. ಗಟ್ಟಿ ಪಟ್ಟಿಗೆ ಅಂಟಿಸಿದ 400, ಆಮೇಲೆ 600, ಕೊನೆಗೆ 1000 ನಂಬರಿನ ಸ್ಯಾಂಡ್‌ಪೇಪರ್ ಒದ್ದೆ ಮಾಡಿ ಹಿಡಿಯಿರಿ. ಬೆರಳಿಗೆ ಸುತ್ತಿದ ಪೇಪರ್ ಬೇಡ, ಅದು ಉಬ್ಬು ತಗ್ಗುಗಳನ್ನು ಹಾಗೆಯೇ ಅನುಸರಿಸುತ್ತದೆ. ವೇಗ ಕಡಿಮೆ ಇರಲಿ. ಕಿಟ್‌ನ ಪ್ಲಾಸ್ಟಿಕ್ಕಾದ ಸ್ಟೈರೀನ್ ಬೇಗ ಬಿಸಿಯಾಗಿ ಕರಗುತ್ತದೆ. ರೆಸಿನ್ (ಎರಕ ಹೊಯ್ದ ಗಟ್ಟಿ ರಾಳ) ಗಾಲಿಯಾದರೆ ಮಾಸ್ಕ್ ಹಾಕಿಕೊಳ್ಳಿ, ಒದ್ದೆಯಾಗಿಯೇ ಉಜ್ಜಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಕಿಟ್‌ನಲ್ಲಿ ಮೆತ್ತನೆ ವಿನೈಲ್ ಟೈರ್ ಬಂದಿದ್ದರೆ ನಾನಂತೂ ಬಳಸುವುದಿಲ್ಲ. ಕೆಲವು ವಿನೈಲ್‌ಗಳು ವರ್ಷಗಳಲ್ಲಿ ಪಕ್ಕದ ಸ್ಟೈರೀನನ್ನು ತಿಂದು ಕರಗಿಸುತ್ತವೆ. ರೆಸಿನ್ ಗಾಲಿ ತರಿಸುವುದೇ ವಾಸಿ.

ಸುತ್ತು ತೋಡು

ತಿರುಗುವ ಗಾಲಿಗೆ ಕೈಯಲ್ಲಿ ಬ್ಲೇಡ್ ಹಿಡಿದರೆ ಗೆರೆ ಅಲೆಯುತ್ತದೆ. ಬ್ಲೇಡನ್ನು ನಿಲ್ಲಿಸಿ, ಗಾಲಿಯನ್ನು ತಿರುಗಿಸಬೇಕು. ಬೇಕಾದ್ದು ಗಾಜಿನ ತುಂಡು, ಹಿಡಿಕೆ ತೆಗೆದ ರೇಜರ್ ಸಾ ಬ್ಲೇಡು, ಬೇರೆ ಬೇರೆ ದಪ್ಪದ ಸ್ಟೈರೀನ್ ಹಾಳೆಗಳು.

ಗಾಜಿನ ಮೇಲೆ ಸ್ಟೈರೀನ್ ಹಾಳೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಬೇಕಾದ ಎತ್ತರ ಮಾಡಿ. ಅದರ ಮೇಲೆ ಬ್ಲೇಡನ್ನು ಮಲಗಿಸಿ. ಹಲ್ಲಿನ ಅಂಚು ಸ್ವಲ್ಪ ಹೊರಚಾಚಿರಲಿ. ಮೇಲೆ ಭಾರ ಇಟ್ಟೋ ಟೇಪ್ ಹಾಕಿಯೋ ಅಲುಗದಂತೆ ಮಾಡಿ. ಗಾಲಿಯನ್ನು ಗಾಜಿನ ಮೇಲೆ ಅಡ್ಡ ಮಲಗಿಸಿ, ಬ್ಲೇಡಿಗೆ ಮೆಲ್ಲಗೆ ಒತ್ತಿ, ಬೆರಳಿನಿಂದ ತಿರುಗಿಸುತ್ತಾ ಹೋಗಿ. ಮೊದಲ ಸುತ್ತು ಬರೀ ಗುರುತು ಬೀಳುವಷ್ಟು. ಗೆರೆಯ ಎರಡು ತುದಿ ಸೇರಿದ ಮೇಲಷ್ಟೇ ಒತ್ತಡ ಹೆಚ್ಚಿಸಿ.

ಈ ವಿಧಾನದ ಸೊಗಸು ಇರುವುದು ಗಾಲಿಯನ್ನು ಮಗುಚುವುದರಲ್ಲಿ. ಒಂದು ತೋಡು ಕೊರೆದು ಗಾಲಿ ಮಗುಚಿ ಹಾಕಿದರೆ, ಅದೇ ಎತ್ತರದಲ್ಲಿ ಇನ್ನೊಂದು ಬದಿಯ ತೋಡು ತಾನಾಗಿ ಬರುತ್ತದೆ. ಎಡ ಬಲ ಒಂದೇ ಸಮ. ಮಿಗ್-21ರ 4.2 ಮಿ.ಮೀ. ಅಗಲದ ಗಾಲಿಯನ್ನೇ ತೆಗೆದುಕೊಳ್ಳಿ. ನಿಮ್ಮ ಫೋಟೋದಲ್ಲಿ ನಾಲ್ಕು ತೋಡು ಕಂಡಿವೆ ಎಂದಿಟ್ಟುಕೊಳ್ಳೋಣ. ಒಂದೊಂದರ ನಡುವೆ 0.6 ಮಿ.ಮೀ. ಬೇಕು. ಆಗ ತೋಡುಗಳ ನಡುಗೆರೆ 1.2, 1.8, 2.4, 3.0 ಮಿ.ಮೀ. ಎತ್ತರಕ್ಕೆ ಬರಬೇಕು. ಆದರೆ ನೀವು ಕಟ್ಟಬೇಕಾದ್ದು ಎರಡೇ ಎತ್ತರ. ಬ್ಲೇಡಿನ ಅರ್ಧ ದಪ್ಪ ಕಳೆದರೆ 1.15 ಮತ್ತು 1.75. ಒಂದು ಮಿ.ಮೀ. ಹಾಳೆಯ ಮೇಲೆ 0.13ರ ಹಾಳೆ ಇಟ್ಟರೆ ಮೊದಲನೆಯದು ಹೆಚ್ಚುಕಡಿಮೆ ಸಿಕ್ಕಿತು. 1.0ರ ಮೇಲೆ 0.75 ಇಟ್ಟರೆ ಎರಡನೆಯದು. ಉಳಿದ ಎರಡು ತೋಡು ಮಗುಚಿದಾಗ ಬರುತ್ತವೆ.

ಗಾಲಿಯ ನಡುಭಾಗ ಹೊರಗೆ ಉಬ್ಬಿದ್ದರೆ ಅದು ಗಾಜಿನ ಮೇಲೆ ನೇರ ಕೂರುವುದಿಲ್ಲ. ಟೈರಿನ ಪಕ್ಕಕ್ಕಷ್ಟೇ ತಾಗುವ ವಾಷರನ್ನೋ ಪೈಪಿನ ಉಂಗುರವನ್ನೋ ಕೆಳಗಿಡಿ. ಆಗ ಗಾಜಿನಿಂದ ಟೈರಿನ ಕೆಳ ಅಂಚು ಎಷ್ಟು ಮೇಲೆದ್ದಿದೆ ಎಂದು ಅಳೆದು, ಅಷ್ಟನ್ನು ಹಾಳೆಗಳ ಎತ್ತರಕ್ಕೆ ಸೇರಿಸಿ. ಮಗುಚಿದಾಗಲೂ ಅದೇ ಉಂಗುರ ಬಳಸಿ.

ಆಳ ಜಾಸ್ತಿ ಬೇಡ. 1/48ರಲ್ಲಿ 0.15 ಮಿ.ಮೀ. ಇದ್ದರೆ ವಾಶ್ (ತೋಡಿಗೆ ಇಳಿಯುವ ನೀರಾದ ಬಣ್ಣ) ಹಿಡಿದು ಚೆನ್ನಾಗಿ ಕಾಣುತ್ತದೆ. ಕಣ್ಣು ಆಳದ ತಪ್ಪನ್ನು ಕ್ಷಮಿಸುತ್ತದೆ, ಗೆರೆ ವಾಲಿದ್ದನ್ನು ಕ್ಷಮಿಸುವುದಿಲ್ಲ. ಕೊರೆದ ಮೇಲೆ ತೋಡಿನ ಅಂಚಲ್ಲಿ ಎದ್ದ ಪ್ಲಾಸ್ಟಿಕ್ ಸಿಬುರನ್ನು 1000 ನಂಬರಿನ ಪೇಪರಿನಲ್ಲಿ ಉಜ್ಜಿ. ಹಳೆಯ ಟೂತ್‌ಬ್ರಶ್ಶಿನಿಂದ ತೋಡನ್ನು ಸ್ವಚ್ಛ ಮಾಡಿ, ತೆಳು ಅಂಟನ್ನು ಬ್ರಶ್ಶಿನಲ್ಲಿ ಒಮ್ಮೆ ಮಾತ್ರ ಸವರಿ. ಅಂಚುಗಳು ಮೆದುವಾಗಿ ರಬ್ಬರಿನ ಲಕ್ಷಣ ಬರುತ್ತದೆ. ರೆಸಿನ್ ಗಾಲಿಗೆ ಈ ಅಂಟು ಏನೂ ಮಾಡುವುದಿಲ್ಲ, ಅಲ್ಲಿ ಪೇಪರ್ ಒಂದೇ ಗತಿ.

ಅಡ್ಡ ಕಚ್ಚು ಮತ್ತು ಬಟನ್

ಇಲ್ಲಿ ಮೊದಲ ಪ್ರಶ್ನೆ: ಸುತ್ತಿಗೆ ಎಷ್ಟು ಬಟನ್? ಫೋಟೋದಲ್ಲಿ ಅಂಚಿನ ಕಡೆ ಬಟನ್‌ಗಳು ಒತ್ತಾಗಿ ಕಾಣುತ್ತವೆ. ಸುಮ್ನೆ ಕಣ್ಣಿಗೆ ಕಂಡ ಅರ್ಧವನ್ನು ಎಣಿಸಿ ದುಪ್ಪಟ್ಟು ಮಾಡಿದರೆ ತಪ್ಪುತ್ತದೆ. ಗಾಲಿಯ ನಡುವೆ ಸಮಾನ ದೂರದಲ್ಲಿರುವ ಬೋಲ್ಟುಗಳನ್ನೋ ಕಡ್ಡಿಗಳನ್ನೋ ಹಿಡಿಯಿರಿ. ಎರಡು ಬೋಲ್ಟುಗಳ ನಡುವೆ ಎಷ್ಟು ಬಟನ್ ಇವೆ ಎಂದು ಎಣಿಸಿ, ಬೋಲ್ಟುಗಳ ಸಂಖ್ಯೆಯಿಂದ ಗುಣಿಸಿ.

48 ಬಟನ್ ಬಂತು ಎನ್ನಿ. 360 ಡಿಗ್ರಿಯನ್ನು ಭಾಗಿಸಿದರೆ ಒಂದಕ್ಕೆ 7.5 ಡಿಗ್ರಿ. ಕಂಪ್ಯೂಟರಿನಲ್ಲಿ 7.5 ಡಿಗ್ರಿಗೊಂದರಂತೆ ಕಡ್ಡಿ ಎಳೆದ ದೊಡ್ಡ ವೃತ್ತ ಪ್ರಿಂಟ್ ಮಾಡಿ. ಅಂಗೈ ಅಗಲ ಇರಲಿ. ವೃತ್ತ ದೊಡ್ಡದಾದಷ್ಟೂ ತಪ್ಪು ಸಣ್ಣದಾಗುತ್ತದೆ. ಅದನ್ನು ದಪ್ಪ ರಟ್ಟಿಗೆ ಅಂಟಿಸಿ, ನಡುವೆ ಗಾಲಿಯ ಕಡ್ಡಿಯನ್ನೇ ತೂರಿಸಿ. ರಟ್ಟು ಮತ್ತು ಗಾಲಿ ಒಟ್ಟಿಗೆ ತಿರುಗಬೇಕು. ಎದುರಿಗೆ ಒಂದು ಸೂಜಿ ನಿಲ್ಲಿಸಿ. ಒಂದೊಂದು ಗೆರೆ ಸೂಜಿಗೆ ಬಂದಾಗ ತಿರುಗುವುದನ್ನು ನಿಲ್ಲಿಸಿ, ಒಂದು ಆಧಾರಕ್ಕೆ ಒರಗಿಸಿದ ರೇಜರ್ ಸಾ ಅನ್ನು ಒಂದೇ ಸಲ ಎಳೆಯಿರಿ.

ಒಂದು ಸುತ್ತಿನಲ್ಲಿ ಪೂರ್ತಿ ಆಳ ಕೊರೆಯಬೇಡಿ. 48 ಗುರುತನ್ನೂ ತೆಳುವಾಗಿ ಹಾಕಿ ಮುಗಿಸಿ. ಕೊನೆಯ ಗುರುತು ಮೊದಲಿನದರ ಜೊತೆ ಸರಿಯಾಗಿ ಕೂತಿದೆಯಾ ನೋಡಿ. 14.3 ಮಿ.ಮೀ. ವ್ಯಾಸದ ಗಾಲಿಯ ಸುತ್ತಳತೆ ಸುಮಾರು 45 ಮಿ.ಮೀ. ಹಾಗಾಗಿ ಒಂದು ಬಟನ್ನಿನ ಪಾಲಿಗೆ 0.94 ಮಿ.ಮೀ. ಬರುತ್ತದೆ. ಕೊನೆಯ ಜಾಗ ಅದರ ಅರ್ಧ ಇದ್ದರೆ ತಕ್ಷಣ ಕಾಣುತ್ತದೆ. ಗುರುತು ತೆಳುವಾಗಿದ್ದರೆ ಪ್ರೈಮರ್ ಹಾಕಿ ಉಜ್ಜಿ ಮತ್ತೆ ಶುರು ಮಾಡಬಹುದು. ಚೌಕ ಬಟನ್ ಬೇಕಿದ್ದರೆ ಮೊದಲು ಗಾಜಿನ ಮೇಲೆ ಸುತ್ತು ತೋಡು, ಆಮೇಲೆ ಈ ಅಡ್ಡ ಕಚ್ಚು. ಕ್ರಮ ತಿರುವುಮುರುವು ಮಾಡಿದರೆ ಬ್ಲೇಡಿನ ಹಲ್ಲು ಕಚ್ಚುಗಳಿಗೆ ಸಿಕ್ಕಿ ಬಟನ್ ಮುರಿಯುತ್ತದೆ.

ವಜ್ರಾಕೃತಿ

ದೊಡ್ಡ ಸ್ಕೇಲಿಗೆ ನನಗೆ ಇಷ್ಟವಾದ ದಾರಿ ಎಪಾಕ್ಸಿ ಪುಟ್ಟಿ. ಹವ್ಯಾಸಿ ಚಾಕುಗಳ ಲೋಹದ ಹಿಡಿಕೆಯ ಮೇಲೆ ಬೆರಳು ಜಾರದಿರಲಿ ಎಂದು ವಜ್ರಾಕಾರದ ಉಬ್ಬುಗಳಿರುತ್ತವೆ. ಆ ಉಬ್ಬುಗಳ ಅಂತರ ಅಳೆಯಿರಿ, ನಿಮ್ಮ ಸ್ಕೇಲಿಗೆ ಹೊಂದುತ್ತದಾ ನೋಡಿ. ಹಿಡಿಕೆಯನ್ನು ನೇರ ಟೈರಿಗೆ ಒತ್ತಿದರೆ ತಗ್ಗುಗಳು ಬರುತ್ತವೆ. ನಮಗೆ ಬೇಕಾದ್ದು ಉಬ್ಬು. ಆದ್ದರಿಂದ ಚಪ್ಪಟೆ ಹರಡಿದ ಪುಟ್ಟಿಯ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಚಪಾತಿ ಲಟ್ಟಿಸುವ ಹಾಗೆ ಹಿಡಿಕೆಯನ್ನು ಒಂದೇ ದಿಕ್ಕಿಗೆ ಉರುಳಿಸಿ. ಅಚ್ಚು ಗಾಲಿಯ ಸುತ್ತಳತೆಗಿಂತ ಸ್ವಲ್ಪ ಉದ್ದ ಇರಲಿ. ಒಂದು ರಾತ್ರಿ ಗಟ್ಟಿಯಾಗಲು ಬಿಡಿ.

ಗಾಲಿಯ ಮೇಲ್ಮೈಯನ್ನು ಸುತ್ತಲೂ 0.25 ಮಿ.ಮೀ. ಇಳಿಸಿ, ಒರಟಾಗಿ ಉಜ್ಜಿ, ತೆಳು ಪುಟ್ಟಿ ಸುತ್ತಿ. ಪುಟ್ಟಿ ಬೆರಳಿಗೆ ಅಂಟದಷ್ಟು ಬಿಗಿಯಾಗುವವರೆಗೆ ಕಾಯಿರಿ. ಈಗ ಅಚ್ಚಿಗೆ ಪೌಡರ್ ಹಾಕಿ ಗಾಲಿಯನ್ನು ಒಂದು ಸುತ್ತು ಮಾತ್ರ, ನಿಲ್ಲಿಸದೆ, ಒಂದೇ ಒತ್ತಡದಲ್ಲಿ ಉರುಳಿಸಿ. ಶುರು ಮತ್ತು ಕೊನೆ ಸೇರುವ ಜಾಗದಲ್ಲಿ ವಜ್ರಗಳು ಕೂಡದಿರುವ ಸಾಧ್ಯತೆಯೇ ಹೆಚ್ಚು. ಆ ಜಾಗಕ್ಕೆ ಗುರುತು ಮಾಡಿಟ್ಟುಕೊಳ್ಳಿ. ನೆಲಕ್ಕೆ ತಾಗುವ ಭಾಗ ಅದೇ ಆಗಲಿ.

ಸಣ್ಣ ಸ್ಕೇಲಿಗೆ ಮಾಸ್ಕ್ (ಬಣ್ಣ ತಡೆಯುವ ಪಟ್ಟಿ) ದಾರಿ. ಸುತ್ತಳತೆಯಷ್ಟು ಉದ್ದದ ಪಟ್ಟಿಯಲ್ಲಿ ಪೂರ್ತಿ ವಜ್ರಗಳೇ ಕೂರುವಂತೆ ಚಿತ್ರ ಬರೆದು, ಕಟಿಂಗ್ ಮಷೀನಿನಲ್ಲಿ ತೆಳು ವಿನೈಲ್ ಕತ್ತರಿಸಿ. ವಜ್ರಗಳ ಜಾಗ ತೆರೆದಿರಬೇಕು, ತೋಡಿನ ಬಲೆ ಉಳಿಯಬೇಕು. ಟೈರಿಗೆ ಸುತ್ತಿ, ಮೇಲೆ ಮಿಸ್ಟರ್ ಸರ್ಫೇಸರ್ 500 ಅಥವಾ 1000 ಎಂಬ ಪ್ರೈಮರ್ ಎರಡು ಮೂರು ಕೋಟ್ ಹೊಡೆಯಿರಿ. ಪೂರ್ತಿ ಒಣಗುವ ಮೊದಲೇ ವಿನೈಲ್ ಎಳೆಯಿರಿ. ತಡ ಮಾಡಿದರೆ ಅಂಚು ಚಕ್ಕೆಯಾಗಿ ಏಳುತ್ತದೆ. ಉಬ್ಬು ತುಂಬಾ ಸಣ್ಣದು, ಆದರೆ 1/72ಕ್ಕೆ ಅಷ್ಟೇ ಸಾಕು. ವಿನೈಲ್ ಎರಡು ಕಡೆ ಬಾಗುವ ಮೇಲ್ಮೈಗೆ ಕೂರುವುದಿಲ್ಲ. ಅಂಚಿನಲ್ಲಿ ಸಣ್ಣ ಸೀಳು ಕೊಟ್ಟರೆ ಸುಕ್ಕು ಬರುವುದಿಲ್ಲ. ಕೋಣೆಯಲ್ಲಿ ಗಾಳಿ ಆಡುತ್ತಿರಲಿ.

ತ್ರೀಡಿ ಪ್ರಿಂಟರ್ ಇದ್ದರೆ ಇದೆಲ್ಲ ಸುಲಭ. ಗಾಲಿಯನ್ನು ಓರೆಯಾಗಿಟ್ಟು ಪ್ರಿಂಟ್ ಮಾಡಿ, ಪದರದ ಮೆಟ್ಟಿಲುಗಳು ಟ್ರೆಡ್ ಮೇಲೆ ಎದ್ದು ಕಾಣುವುದಿಲ್ಲ. ಆಧಾರದ ಕಡ್ಡಿಗಳನ್ನೆಲ್ಲ ನೆಲಕ್ಕೆ ತಾಗುವ ಜಾಗಕ್ಕೇ ಕೊಡಿ. ಪ್ರಿಂಟರ್ ಇಲ್ಲದವರು ಒಂದು ಗಾಲಿಯನ್ನು ಚೆನ್ನಾಗಿ ಮಾಡಿ, ಸಿಲಿಕೋನ್ ಅಚ್ಚು ತೆಗೆದು ರೆಸಿನ್‌ನಲ್ಲಿ ಎರಕ ಹೊಯ್ದರೆ ಎರಡೂ ಒಂದೇ ಥರ ಬರುತ್ತವೆ.

ಭಾರ

ವಿಮಾನದ ಭಾರಕ್ಕೆ ಟೈರಿನ ತಳ ಸ್ವಲ್ಪ ಚಪ್ಪಟೆಯಾಗಿರುತ್ತದೆ. ಟ್ರೆಡ್ ಮುಗಿದ ಮೇಲೆ ಆ ತಳವನ್ನು ಉಜ್ಜಿ ಚಪ್ಪಟೆ ಮಾಡಿ, ಮೊದಲಲ್ಲ. ಎಷ್ಟು ಉಜ್ಜಬೇಕು ಎನ್ನುವಲ್ಲಿ ಬಹಳ ಜನ ಅತಿ ಮಾಡುತ್ತಾರೆ. 14.3 ಮಿ.ಮೀ. ಗಾಲಿಯಲ್ಲಿ ಬರೀ 0.3 ಮಿ.ಮೀ. ಉಜ್ಜಿದರೆ 4 ಮಿ.ಮೀ.ಗಿಂತ ಉದ್ದದ ಚಪ್ಪಟೆ ಸಿಗುತ್ತದೆ. ನಿಜ ವಿಮಾನಕ್ಕೆ ಲೆಕ್ಕ ಹಾಕಿದರೆ ಸುಮಾರು 20 ಸೆಂ.ಮೀ. ಅಷ್ಟು ಸಾಕು. ಜೆಟ್ ಟೈರಿನೊಳಗೆ ಕಾರಿನ ಟೈರಿಗಿಂತ ಹಲವು ಪಟ್ಟು ಒತ್ತಡ ಇರುತ್ತದೆ, ಅದು ಪಕ್ಕಕ್ಕೆ ಉಬ್ಬುವುದು ಕಡಿಮೆ. ಚಪ್ಪಟೆಯ ಮೇಲಿನ ಎರಡು ಪಕ್ಕಕ್ಕೆ ಸ್ವಲ್ಪ ಪುಟ್ಟಿ ಸವರಿ ಒಂದಿಷ್ಟು ಉಬ್ಬು ತೋರಿಸಿದರೆ ಆಯಿತು.

ಬಣ್ಣ

ಅಪ್ಪಟ ಕಪ್ಪು ಹಾಕಿದರೆ ಇಷ್ಟು ಹೊತ್ತು ಕೊರೆದ ತೋಡುಗಳು ಮಾಯವಾಗುತ್ತವೆ. ರಬ್ಬರ್ ಬಿಸಿಲಿಗೆ ಬೂದು ತಿರುಗುತ್ತದೆ. ಟಾಮಿಯಾದ ಎಕ್ಸ್‌ಎಫ್-85 ರಬ್ಬರ್ ಬ್ಲ್ಯಾಕ್ ಅಥವಾ ಎಕ್ಸ್‌ಎಫ್-69 ನೇಟೋ ಬ್ಲ್ಯಾಕ್ ಒಳ್ಳೆಯ ಆರಂಭ. ತೆಳುವಾಗಿ ಹೊಡೆಯಿರಿ, ದಪ್ಪ ಬಣ್ಣ 0.15 ಮಿ.ಮೀ. ತೋಡನ್ನು ತುಂಬಿಬಿಡುತ್ತದೆ. ನೆಲಕ್ಕೆ ಉಜ್ಜುವ ಪಟ್ಟಿಗೆ ಅದೇ ಬಣ್ಣಕ್ಕೆ ಸ್ವಲ್ಪ ಬೂದು ಬೆರೆಸಿ ಇನ್ನೊಂದು ತೆಳು ಕೋಟ್ ಕೊಡಿ. ಪಕ್ಕ ಗಾಢವಾಗಿಯೇ ಉಳಿಯಲಿ.

ಮಣ್ಣಿನ ಏರ್‌ಫೀಲ್ಡಿನ ವಿಮಾನವಾದರೆ ತೋಡಿನೊಳಗೆ ಆ ನೆಲದ ಬಣ್ಣದ ಪಿಗ್ಮೆಂಟ್ ತುಂಬಿ, ಮೇಲ್ಭಾಗವನ್ನು ಬಟ್ಟೆಯಿಂದ ಒರೆಸಿ. ಕಾಂಕ್ರೀಟ್ ರನ್‌ವೇಯ ಜೆಟ್ಟಿಗೆ ಗಾಢ ವಾಶ್ ಸಾಕು, ಕೆಸರು ಬೇಡ. ಎರಡನ್ನೂ ಒಂದೇ ಥರ ಕೊಳೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಫೋಟೋದಲ್ಲಿ ರಿಮ್ ಮತ್ತು ಟೈರ್ ಎರಡನ್ನೂ ದಾಟುವ ಸಣ್ಣ ಬಿಳಿ ಅಥವಾ ಕೆಂಪು ಗೆರೆ ಇದೆಯಾ ನೋಡಿ. ಟೈರ್ ರಿಮ್ಮಿನ ಮೇಲೆ ಜಾರಿದರೆ ಗೊತ್ತಾಗಲಿ ಎಂದು ಹಾಕುವ ಗುರುತು ಅದು. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಪಟ್ಟಿಯ ಸಣ್ಣ ತುಂಡು ಅಂಟಿಸಿದರೆ ಮುಗಿಯಿತು.

ಕೂರಿಸುವುದು

ಬಿಎಫ್ 109ರಂತೆ ಕಾಲುಗಳು ಹೊರಗೆ ಚಾಚಿದ ವಿಮಾನದಲ್ಲಿ ಗಾಲಿ ನೆಲಕ್ಕೆ ನೆಟ್ಟಗೆ ನಿಲ್ಲದೆ ಸ್ವಲ್ಪ ವಾಲಿರಬಹುದು. ಆಗ ಚಪ್ಪಟೆಯೂ ಅದೇ ಓರೆಯಲ್ಲಿ ಇರಬೇಕು. ಅದಕ್ಕೇ ಕೊನೆಯ ಉಜ್ಜು ಗಾಲಿಯನ್ನು ಕಾಲಿಗೆ ಅಂಟಿಲ್ಲದೆ ಸಿಕ್ಕಿಸಿ, ವಿಮಾನವನ್ನು ಗಾಜಿನ ಮೇಲೆ ನಿಲ್ಲಿಸಿ ನೋಡಿದ ಮೇಲೆ ಮಾಡಿ. ಟೈರಿನ ಯಾವ ಅಂಚು ಎದ್ದಿದೆ ಎಂದು ಕೆಳಗಿನಿಂದ ಬೆಳಕು ಹಾಯಿಸಿದರೆ ಗೊತ್ತಾಗುತ್ತದೆ. ಸರಿಹೋದ ಮೇಲೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟು ಹಾಕಿ. ಮುಂದಿನಿಂದ, ಪಕ್ಕದಿಂದ ನೋಡುತ್ತಾ ಎರಡೂ ಚಪ್ಪಟೆಗಳು ಗಾಜಿಗೆ ಪೂರ್ತಿ ತಾಗುವವರೆಗೆ ಗಾಲಿ ತಿರುಗಿಸಿ. ಅಂಟು ಹಿಡಿಯುವವರೆಗೆ ವಿಮಾನವನ್ನು ಗಾಜಿನಿಂದ ಎತ್ತಬೇಡಿ.